ಹೆಚ್ಚಿದ ಕಳಲೆಗೆ ಕೋಲ್ಡ್ ಪ್ಲಾಸ್ಮಾ: ಮೆಳೆಯಿಂದ ಪ್ಯಾಕೆಟ್ಟಿನವರೆಗೆ

ಒಂದು ಮಳೆಗಾಲದಲ್ಲಿ ಪೇಟೆಯ ಅಂಗಡಿಯಿಂದ ಹೆಚ್ಚಿಟ್ಟ ಕಳಲೆಯ ಪ್ಯಾಕೆಟ್ ತಂದಿದ್ದೆ. ಕೊಳ್ಳುವಾಗ ಬಿಲ್ಲೆಗಳು ಹಾಲಿನಷ್ಟು ಬಿಳಿ. ಎರಡು ದಿನ ಬಿಟ್ಟು ತೆರೆದರೆ ಅಂಚೆಲ್ಲ ಕಂದು, ಕೈಗೆ ಲೋಳೆ, ಮೂಗಿಗೆ ಮುಗ್ಗಲು. ಬೇಯಿಸಿ ನೋಡಿದೆ, ಬುಡದ ಹೋಳುಗಳು ಅಗಿದಷ್ಟೂ ನಾರು. ಪ್ಯಾಕೆಟ್ ಚೆನ್ನಾಗಿಯೇ ಇತ್ತು. ಒಳಗಿದ್ದ ಕಳಲೆ ಮಾತ್ರ ತಾನಿನ್ನೂ ಬಿದಿರಾಗಬೇಕು ಅಂತ ಹಟ ಹಿಡಿದಿತ್ತು.

ಮಲೆನಾಡಿನವರು ಕಳಲೆ ಅಂತಾರೆ, ತುಳುವರು ಕಣಿಲೆ, ಕೊಡವರು ಬೈಂಬಳೆ, ಕೊಂಕಣಿಗರು ಕೀರ್ಲು. ಹೆಸರು ಯಾವುದಾದರೂ ಪಾಡು ಒಂದೇ. ಮಳೆ ಹಿಡಿದ ಎರಡು ಮೂರು ತಿಂಗಳು ಸಿಗುತ್ತದೆ, ಹೆಚ್ಚಿದ ಮೇಲೆ ಎರಡು ದಿನವೂ ತಡೆಯುವುದಿಲ್ಲ. ಈಶಾನ್ಯದವರು ಇದನ್ನು ಹುಳಿ ಬರಿಸಿ ಗೆದ್ದರು. ನಾವು ಉಪ್ಪುನೀರಿಗೆ ಹಾಕಿ, ಉಪ್ಪಿನಕಾಯಿ ಮಾಡಿ ಗೆದ್ದೆವು. ಆದರೆ ಹುಳಿಯೂ ಇಲ್ಲದೆ, ಉಪ್ಪೂ ಇಲ್ಲದೆ, ಹೆಚ್ಚಿದ ಕಳಲೆ ಹೆಚ್ಚಿದ ಹಾಗೇ ಉಳಿಯಬೇಕೆಂದರೆ? ಆ ಹುಡುಕಾಟದಲ್ಲಿ ಈಚೆಗೆ ಕೇಳಿಬರುವ ಹೆಸರು ಕೋಲ್ಡ್ ಪ್ಲಾಸ್ಮಾ.

ಇದು ಅಡುಗೆಮನೆಯ ಕೆಲಸ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಸಂಸ್ಕರಣಾ ಘಟಕ ನಡೆಸುವವರು, ರೈತ ಉತ್ಪಾದಕ ಸಂಘದವರು, ಆಹಾರ ತಂತ್ರಜ್ಞಾನ ಓದುತ್ತಿರುವ ಹುಡುಗ ಹುಡುಗಿಯರು, ಇವರಿಗಾಗಿ ಬರೆದದ್ದು. ಯಂತ್ರವಿಲ್ಲದವರಿಗೂ ಮೊದಲ ನಾಲ್ಕು ಹಂತ ಉಪಯೋಗಕ್ಕೆ ಬರುತ್ತದೆ. ನಿಜ ಹೇಳಬೇಕೆಂದರೆ ಕಳಲೆ ಉಳಿಯುವುದರಲ್ಲಿ ಜಾಸ್ತಿ ಪಾಲು ಆ ನಾಲ್ಕು ಹಂತಗಳದ್ದೇ.

ಕಳಲೆ ಯಾಕಿಷ್ಟು ಬೇಗ ಕೆಡುತ್ತದೆ?

ಕಾರಣ ಒಂದಲ್ಲ. ಯಾವುದಕ್ಕೆ ಯಾವ ಮದ್ದು ಅಂತ ಗೊತ್ತಿಲ್ಲದೆ ಯಂತ್ರ ಕೊಂಡರೆ ದುಡ್ಡು ದಂಡ.

ಮೊದಲನೆಯದು ನಾರು. ಕಳಲೆ ಅಂದರೆ ದಿನಕ್ಕೆ ಗೇಣುಗಟ್ಟಲೆ ಏಳುವ ಬಿದಿರಿನ ಮೊಳಕೆ. ಕಡಿದ ಮೇಲೂ ಅದು ಜೋರಾಗಿ ಉಸಿರಾಡುತ್ತದೆ. ಕಡಿದ ಜಾಗ ಅದಕ್ಕೆ ಗಾಯ. ಗಾಯ ಮುಚ್ಚಲು ಜೀವಕೋಶಗಳು ಲಿಗ್ನಿನ್ ಕಟ್ಟುತ್ತವೆ. ಮರವನ್ನು ಮರ ಮಾಡುವುದು ಇದೇ ಲಿಗ್ನಿನ್. ನಾರು ಕಡಿದ ಬುಡದಿಂದ ಶುರುವಾಗಿ ತುದಿಯ ಕಡೆ ಏರುತ್ತದೆ. ಬಿಲ್ಲೆ ಮಾಡಿದರೆ ಎರಡೂ ಕಡೆ ಗಾಯ, ಅಂದರೆ ಎರಡೂ ಕಡೆಯಿಂದ ನಾರು.

ಎರಡನೆಯದು ಬಣ್ಣ. ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುತ್ತಲ್ಲ, ಅದೇ ಕಥೆ. ಒಡೆದ ಕೋಶದ ಫಿನಾಲ್‌ಗಳಿಗೆ ಗಾಳಿಯ ಆಮ್ಲಜನಕ ತಾಗುತ್ತದೆ, ಕಿಣ್ವಗಳು ಅವನ್ನು ಕಂದು ಮಾಡುತ್ತವೆ.

ಮೂರನೆಯದು ಸೂಕ್ಷ್ಮಜೀವಿ. ಕಳಲೆಯಲ್ಲಿ ಸುಮಾರು 90% ನೀರು. ಹುಳಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಪಿಎಚ್ 6ರ ಆಸುಪಾಸು. ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆಯ ಮನೆ ಬೇಕೆ?

ನಾಲ್ಕನೆಯದು ಕೆಡುವ ವಿಷಯ ಅಲ್ಲ, ವಿಷದ ವಿಷಯ. ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಅನ್ನುವ ವಸ್ತುವಿದೆ. ಕೋಶ ಒಡೆದಾಗ ಅದು ಮುರಿದು ಹೈಡ್ರೋಜನ್ ಸಯನೈಡ್ ಕೊಡುತ್ತದೆ. ಬುಡಕ್ಕಿಂತ ತುದಿಯಲ್ಲಿ ಇದು ಹೆಚ್ಚು. ಪ್ಲಾಸ್ಮಾ ಈ ನಾಲ್ಕನೆಯದಕ್ಕೆ ಮದ್ದಲ್ಲ. ಯಂತ್ರದಿಂದ ಹೊರಬಂದ ಹಸಿ ಕಳಲೆ ಒಳಹೋದಾಗ ಇದ್ದಷ್ಟೇ ಕಹಿ, ಅಷ್ಟೇ ಅಪಾಯ. ಇದನ್ನು ಮರೆತರೆ ಮುಂದಿನದೆಲ್ಲ ವ್ಯರ್ಥ.

ಕೋಲ್ಡ್ ಪ್ಲಾಸ್ಮಾ ಅಂದರೆ ಏನು?

ಗುಡುಗಿದರೆ ಅಣಬೆ ಏಳುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ. ಅಣಬೆಯ ವಿಷಯ ಅವರವರ ನಂಬಿಕೆಗೆ ಬಿಟ್ಟದ್ದು. ಮಿಂಚು ಮಾತ್ರ ಪ್ಲಾಸ್ಮಾ ಅನ್ನುವುದು ನಿಜ. ಅನಿಲಕ್ಕೆ ಸಾಕಷ್ಟು ಶಕ್ತಿ ಕೊಟ್ಟರೆ ಅದರ ಅಣುಗಳಿಂದ ಎಲೆಕ್ಟ್ರಾನ್ ಕಳಚಿಕೊಳ್ಳುತ್ತವೆ. ಆ ಸ್ಥಿತಿಗೆ ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್ಮ್ಯೂರ್ 1928ರಲ್ಲಿ ಪ್ಲಾಸ್ಮಾ ಅಂತ ಹೆಸರಿಟ್ಟರು. ಮಿಂಚು ಬಿಸಿ ಪ್ಲಾಸ್ಮಾ. ಕೋಲ್ಡ್ ಪ್ಲಾಸ್ಮಾದಲ್ಲಿ ಹಗುರವಾದ ಎಲೆಕ್ಟ್ರಾನ್‌ಗಳಿಗೆ ಮಾತ್ರ ಶಕ್ತಿ ಸಿಗುತ್ತದೆ. ಉಳಿದ ಅನಿಲ ಕೋಣೆಯ ಬಿಸಿಯ ಹತ್ತಿರವೇ ಇರುತ್ತದೆ, ಆದ್ದರಿಂದ ಕಳಲೆ ಬೇಯುವುದಿಲ್ಲ.

ಕೆಲಸ ಮಾಡುವುದು ಆ ಗಾಳಿಯಲ್ಲಿ ಹುಟ್ಟುವ ಚುರುಕು ಅಣುಗಳು: ಓಝೋನ್, ನೈಟ್ರೋಜನ್ ಆಕ್ಸೈಡ್‌ಗಳು, ಪರಮಾಣು ಆಮ್ಲಜನಕ, ತೇವವಿದ್ದರೆ ಹೈಡ್ರಾಕ್ಸಿಲ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್. ಇವು ಬ್ಯಾಕ್ಟೀರಿಯಾದ ಹೊರಪೊರೆ ಸುಡುತ್ತವೆ. ಕಂದು ಮಾಡುವ ಕಿಣ್ವಗಳನ್ನೂ ಒಂದಿಷ್ಟು ಮಂಕು ಮಾಡಬಲ್ಲವು. ಕೊನೆಗೆ ಇವುಗಳಲ್ಲಿ ಬಹುಪಾಲು ತಾವೇ ಮಾಯವಾಗುತ್ತವೆ.

ಆಹಾರಕ್ಕೆ ಹೆಚ್ಚು ಬಳಸುವ ವಿಧಾನದಲ್ಲಿ ಎರಡು ಲೋಹದ ತಟ್ಟೆಗಳಿರುತ್ತವೆ, ನಡುವೆ ಗಾಜು ಅಥವಾ ಸೆರಾಮಿಕ್‌ನ ತಡೆ. ಆ ತಡೆ ಇರುವುದರಿಂದ ಕಿಡಿ ಹಾರುವುದಿಲ್ಲ, ನೇರಳೆ ಬಣ್ಣದ ಮಂದ ಹೊಳಪು ಹರಡುತ್ತದೆ. ಹೊಸದೇನಲ್ಲ, ಜರ್ಮನಿಯ ವರ್ನರ್ ಫಾನ್ ಸೀಮೆನ್ಸ್ 1857ರಲ್ಲೇ ಓಝೋನ್ ತಯಾರಿಸಲು ಇದನ್ನು ತೋರಿಸಿದ್ದರು. ಹೊಸದು ಯಾವುದೆಂದರೆ ಮುಚ್ಚಿದ ಪ್ಯಾಕೆಟ್ಟನ್ನೇ ತಟ್ಟೆಗಳ ನಡುವೆ ಇಡುವುದು. ಪ್ಯಾಕೆಟ್ಟಿನೊಳಗಿನ ಗಾಳಿಯೇ ಪ್ಲಾಸ್ಮಾ ಆಗುತ್ತದೆ. ತೊಳೆದು ಮುಚ್ಚಿದ ಮೇಲೆ ಯಾರ ಕೈಯೂ ತಾಗುವುದಿಲ್ಲ. ಈ ಮಾರ್ಗದರ್ಶಿಯೂ ಆ ದಾರಿಯದ್ದೇ.

ಶುರು ಮಾಡುವ ಮುನ್ನ ಎರಡು ಮಾತು

ಕಾನೂನು. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಕಳಲೆ ಕಡಿಯುವುದು ಅಪರಾಧ. ಕಡಿಯುವುದಿದ್ದರೆ ಸ್ವಂತ ಜಮೀನಿನ ಮೆಳೆಯಿಂದ ಕಡಿಯಿರಿ. 2017ರ ತಿದ್ದುಪಡಿಯ ನಂತರ ಅರಣ್ಯದ ಹೊರಗೆ ಬೆಳೆದ ಬಿದಿರು ಭಾರತೀಯ ಅರಣ್ಯ ಕಾಯ್ದೆಯ ಪ್ರಕಾರ ಮರ ಅಲ್ಲ, ಅಷ್ಟು ಸಲೀಸು. ಮಾರಾಟದ ವಿಷಯಕ್ಕೆ ಬಂದರೆ, ಹೊಸ ತಂತ್ರಜ್ಞಾನದಿಂದ ಸಂಸ್ಕರಿಸಿದ ಆಹಾರಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2017ರ ನಿಯಮಗಳಡಿ ಮೊದಲೇ ಒಪ್ಪಿಗೆ ಕೇಳಬೇಕಾಗುತ್ತದೆ. ಪ್ರಯೋಗ ಮಾಡುವುದು ಬೇರೆ, ಅಂಗಡಿಗೆ ಕಳಿಸುವುದು ಬೇರೆ.

ಕರೆಂಟು. ಯೂಟ್ಯೂಬ್ ನೋಡಿ ಹಳೆ ಟಿವಿಯ ಟ್ರಾನ್ಸ್‌ಫಾರ್ಮರ್‌ನಿಂದ ಪ್ಲಾಸ್ಮಾ ಯಂತ್ರ ಕಟ್ಟುವ ಹುಮ್ಮಸ್ಸು ಬೇಡ. ಇಲ್ಲಿ ಓಡುವುದು ಹತ್ತಾರು ಸಾವಿರ ವೋಲ್ಟ್. ಬಾಗಿಲು ತೆರೆದ ಕೂಡಲೇ ತಾನಾಗಿ ಬಂದ್ ಆಗುವ, ಸರಿಯಾಗಿ ಅರ್ತ್ ಮಾಡಿದ, ಹೊಗೆ ಹೊರಹಾಕುವ ಕೊಳವೆಯಿರುವ ಯಂತ್ರವೇ ಬೇಕು. ಯಂತ್ರದ ಹತ್ತಿರ ಯಾವತ್ತೂ ಒಬ್ಬರೇ ಇರಬೇಡಿ. ಕೊಳ್ಳುವ ಮುನ್ನ ಇಂಥ ಯಂತ್ರವಿರುವ ಪ್ರಯೋಗಾಲಯದಲ್ಲಿ ನಾಲ್ಕು ದಿನ ಕೆಲಸ ಮಾಡಿ ನೋಡಿ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಕೈಗಾರಿಕೆಗೆ ಬೇಕಾದ ಪ್ಲಾಸ್ಮಾ ತಂತ್ರಗಳ ಮೇಲೆ ಕೆಲಸ ಮಾಡುತ್ತದೆ. ಆಹಾರದ ಕಡೆಯ ಪ್ರಶ್ನೆಗಳಿಗೆ ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ ಇದ್ದೇ ಇದೆ.

ಹಂತ 1: ಕಡಿಯುವುದು

ಬೆಳಗಿನ ಜಾವ, ಬಿಸಿಲೇರುವ ಮುನ್ನ ಕಡಿಯಿರಿ. ನಮ್ಮ ಕಡೆಯ ಹೆಬ್ಬಿದಿರಿನ ಕಳಲೆ ಮೊಣಕಾಲಿನ ಎತ್ತರ ದಾಟುವ ಮುನ್ನ ಸಿಕ್ಕರೆ ಚೆನ್ನ. ಎತ್ತರ ಹೋದಷ್ಟೂ ಬುಡ ಬಿಸಾಡಬೇಕಾಗುತ್ತದೆ. ಮೆಳೆಯ ಎಲ್ಲ ಕಳಲೆ ತೆಗೆಯಬೇಡಿ, ಅರ್ಧವಾದರೂ ಬಿದಿರಾಗಲು ಬಿಡಿ. ಮುಂದಿನ ವರ್ಷವೂ ಅದೇ ಮೆಳೆಗೆ ಹೋಗಬೇಕಲ್ವಾ?

ಕಡಿದದ್ದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಡಿ. ರಾಶಿ ಹಾಕಿದರೆ ಒಳಗೆ ಬಿಸಿ ಏರುತ್ತದೆ. ಕಡಿದ ಹೊತ್ತನ್ನು ಚೀಟಿಯಲ್ಲಿ ಬರೆದು ಗೋಣಿಗೆ ಕಟ್ಟಿ. ಹುಚ್ಚುತನ ಅನ್ನಿಸಬಹುದು. ಆದರೆ ಆಮೇಲೆ ಒಂದು ಪ್ಯಾಕೆಟ್ ಬೇಗ ಕೆಟ್ಟು ಇನ್ನೊಂದು ಉಳಿದಾಗ ಉತ್ತರ ಎಷ್ಟೋ ಸಲ ಆ ಚೀಟಿಯಲ್ಲೇ ಇರುತ್ತದೆ.

ಹಂತ 2: ಸಿಪ್ಪೆಯ ಜೊತೆಗೇ ತಂಪು ಮಾಡುವುದು

ಸಿಪ್ಪೆ ಸುಲಿಯಲು ಅವಸರ ಬೇಡ. ಅದಕ್ಕಿಂತ ಒಳ್ಳೆಯ ಪ್ಯಾಕಿಂಗ್ ಇನ್ನೂ ಯಾರೂ ಮಾಡಿಲ್ಲ. ಮಣ್ಣು ತೊಳೆದು, ಸಿಪ್ಪೆ ಸಮೇತ ಮಂಜುಗಡ್ಡೆ ಹಾಕಿದ ನೀರಿನಲ್ಲಿ ಮುಳುಗಿಸಿ. ದಪ್ಪ ಕಳಲೆಯ ಒಳತಿರುಳು ತಣ್ಣಗಾಗಲು ಅರ್ಧ ಗಂಟೆಗೂ ಜಾಸ್ತಿ ಬೇಕು. ಒಂದು ಕಳಲೆಗೆ ಥರ್ಮಾಮೀಟರ್ ಕಡ್ಡಿ ಚುಚ್ಚಿ ನೋಡಿ. ಒಳಗೆ 5 ಡಿಗ್ರಿ ಹತ್ತಿರ ಬಂದ ಮೇಲೆ ಮುಂದಿನ ಕೆಲಸ. ಕಡಿದು ಮೂರ್ನಾಲ್ಕು ಗಂಟೆಯೊಳಗೆ ಇಷ್ಟಾದರೆ ಅರ್ಧ ಗೆದ್ದಂತೆ. ಉಸಿರಾಟ, ನಾರು, ಕಂದು, ಬ್ಯಾಕ್ಟೀರಿಯಾ ನಾಲ್ಕನ್ನೂ ಒಟ್ಟಿಗೆ ತಡೆಯುವುದು ಚಳಿ ಒಂದೇ.

ಹಂತ 3: ಸುಲಿಯುವುದು, ಹೆಚ್ಚುವುದು

ಚಾಕು ಸ್ಟೀಲಿನದ್ದಿರಲಿ, ಹರಿತವಿರಲಿ. ಕಬ್ಬಿಣದ ಕತ್ತಿ ತಾಗಿದಲ್ಲಿ ಕಲೆಯಾಗುತ್ತದೆ. ಮೊಂಡು ಚಾಕು ಹೆಚ್ಚುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಕಡೆ ಕಂದು ಜಾಸ್ತಿ, ಲೋಳೆ ಜಾಸ್ತಿ.

ಬುಡದಿಂದ ತುದಿಗೆ ಚಾಕು ಒತ್ತುತ್ತ ಹೋಗಿ. ಎಲ್ಲಿ ಚಾಕು ಸಲೀಸಾಗಿ ಇಳಿಯುತ್ತದೋ ಅಲ್ಲಿಂದ ಮೇಲಿನದು ನಿಮ್ಮದು, ಕೆಳಗಿನದು ಗೊಬ್ಬರದ ಗುಂಡಿಗೆ. ಉಳಿದದ್ದರಲ್ಲಿ ತುದಿ, ನಡು, ಬುಡ ಅಂತ ಮೂರು ಪಾತ್ರೆ ಮಾಡಿ. ಮೂರೂ ಬೆರೆಸಿ ಪ್ರಯೋಗ ಮಾಡಿದರೆ ನಾರಿನ ಲೆಕ್ಕ ಎಂದೂ ಸರಿಬರುವುದಿಲ್ಲ, ಒಂದು ಪ್ಯಾಕೆಟ್ಟಿಗೆ ತುದಿ ಜಾಸ್ತಿ ಬಿದ್ದಿರುತ್ತದೆ. ಬಿಲ್ಲೆ 5 ಮಿಲಿಮೀಟರ್ ದಪ್ಪವಿರಲಿ, ಎಲ್ಲವೂ ಒಂದೇ ಸಮ.

ಹಂತ 4: ತೊಳೆ, ಅದ್ದು, ಆರಿಸು

ಹೆಚ್ಚಿದ ಬಿಲ್ಲೆಗಳನ್ನು ತಣ್ಣನೆಯ ಕುಡಿಯುವ ನೀರಿನಲ್ಲಿ ಎರಡು ಸಲ ತೊಳೆಯಿರಿ. ಹೆಚ್ಚಿದಾಗ ಬಂದ ರಸ ಹೋಗಬೇಕು, ಅದೇ ಬ್ಯಾಕ್ಟೀರಿಯಾದ ಮೊದಲ ಊಟ. ಆ ನೀರು ದನಕರುಗಳಿಗೆ ಸಿಗದ ಕಡೆ ಚೆಲ್ಲಿ.

ಆಮೇಲೆ ಅರ್ಧ ಶೇಕಡಾ ಸಿಟ್ರಿಕ್ ಆಮ್ಲ, ಅರ್ಧ ಶೇಕಡಾ ಆಸ್ಕಾರ್ಬಿಕ್ ಆಮ್ಲ ಕರಗಿಸಿದ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ. ಒಂದು ಲೀಟರಿಗೆ ತಲಾ 5 ಗ್ರಾಂ. ಕಂದು ಹಿಡಿಯಲು ಪ್ಲಾಸ್ಮಾದ ಮೇಲೆ ಭಾರ ಹಾಕುವುದಕ್ಕಿಂತ ಇದೇ ಅಗ್ಗ, ಇದೇ ನಂಬಿಕೆಯದು. ಸಿಟ್ರಿಕ್ ಆಮ್ಲವನ್ನು ಎಂದೂ ಬ್ಲೀಚಿಂಗ್ ನೀರಿಗೆ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಆರಿಸುವುದನ್ನು ಜನ ತಾತ್ಸಾರ ಮಾಡುತ್ತಾರೆ. ಬಿಲ್ಲೆಯ ಮೇಲೆ ನೀರಿನ ಪದರ ನಿಂತರೆ ಪ್ಲಾಸ್ಮಾದ ಚುರುಕು ಅಣುಗಳು ಆ ನೀರಿನಲ್ಲೇ ಕಳೆದುಹೋಗುತ್ತವೆ, ಕಳಲೆಗೆ ಮುಟ್ಟುವುದು ಕಡಿಮೆ. ಸೊಪ್ಪು ತಿರುಗಿಸಿ ನೀರು ತೆಗೆಯುವ ಬುಟ್ಟಿಯಲ್ಲಿ ಒಂದು ನಿಮಿಷ ತಿರುಗಿಸಿ, ತಂಪು ಕೋಣೆಯ ಫ್ಯಾನಿನ ಕೆಳಗೆ ಹರಡಿ. ಮುಟ್ಟಿದರೆ ತೇವ ಅನ್ನಿಸಬೇಕು, ಹನಿ ಕಾಣಬಾರದು.

ಇಲ್ಲೊಂದು ಕವಲು: ಹಸಿಯೋ, ಬೇಯಿಸಿದ್ದೋ?

ಎರಡು ಬಗೆಯ ಸರಕು ಮಾಡಬಹುದು. ಒಂದು, ಹಸಿ ಬಿಲ್ಲೆ. ಚೀನಾದ ಝೆಜಿಯಾಂಗ್ ಪ್ರಾಂತ್ಯದ ಮೋಸೊ ಬಿದಿರಿನಂಥ ಕಳಲೆಗೆ ಇರುವ ದೊಡ್ಡ ಹಸಿ ಮಾರುಕಟ್ಟೆಯ ಮಾದರಿ ಅದು. ಇನ್ನೊಂದು, ಕುದಿಸಿ ಕಹಿ ತೆಗೆದು, ತಣಿಸಿ ಪ್ಯಾಕ್ ಮಾಡಿದ ಬಿಲ್ಲೆ.

ನನ್ನ ಒಲವು ಎರಡನೆಯದರ ಕಡೆ. ನಮ್ಮ ಹಳ್ಳಿಮನೆಗಳಲ್ಲಿ ಕಳಲೆಯನ್ನು ತೆಳ್ಳಗೆ ಹೆಚ್ಚಿ ಮೂರು ದಿನ ನೀರು ಬದಲಿಸಿ ನೆನೆಸಿಡುವುದು ಎಲ್ಲರಿಗೂ ಗೊತ್ತು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಮೊದಲ ಸಲ ಪ್ಯಾಕೆಟ್ ಕೊಂಡವರಿಗೆ ಅದು ಗೊತ್ತಿರಲೇಬೇಕೆಂದಿಲ್ಲ. ಹಸಿ ಬಿಲ್ಲೆಯನ್ನು ಸೌತೆಕಾಯಿಯ ಹಾಗೆ ಕಚ್ಚಿದರೆ? ಕುದಿಸಿದ್ದಾದರೆ ಆ ಭಯ ಬಹಳಷ್ಟು ಕಡಿಮೆ. ಇನ್ನೊಂದು ಲಾಭವೂ ಇದೆ. ಕುದಿಸಿದ ಕಳಲೆಯ ಜೀವ ಹೋಗಿರುತ್ತದೆ, ಅದು ಉಸಿರಾಡುವುದಿಲ್ಲ, ಹೊಸ ನಾರು ಕಟ್ಟುವುದಿಲ್ಲ. ಉಳಿಯುವ ಶತ್ರು ಸೂಕ್ಷ್ಮಜೀವಿ ಮಾತ್ರ. ಅದು ಪ್ಲಾಸ್ಮಾಕ್ಕೆ ಸರಿಯಾದ ಕೆಲಸ.

ಕುದಿಸುವಾಗ ಮುಚ್ಚಳ ಹಾಕಬೇಡಿ. ಹೈಡ್ರೋಜನ್ ಸಯನೈಡ್ ಸುಮಾರು 26 ಡಿಗ್ರಿಗೇ ಆವಿಯಾಗುತ್ತದೆ, ಮುಚ್ಚಳ ತೆರೆದಿದ್ದರೆ ಹಾರಿಹೋಗುತ್ತದೆ. ಗಾಳಿಯಾಡುವ ಜಾಗದಲ್ಲಿ ಕುದಿಸಿ. 98 ಡಿಗ್ರಿಯಲ್ಲಿ 20 ನಿಮಿಷ ಕುದಿಸಿದರೆ ಸುಮಾರು 70% ಸಯನೈಡ್ ಹೋಗುತ್ತದೆ, ಹೆಚ್ಚು ಹೊತ್ತು ಹೆಚ್ಚು ಬಿಸಿಯಲ್ಲಿ 96%ವರೆಗೂ. ಅಂದರೆ 20 ನಿಮಿಷ ಸಾಲದು. ನೀರು ಬದಲಿಸಿ ಇನ್ನೊಮ್ಮೆ ಕುದಿಸಿ. ಮಾರುವ ಮುನ್ನ ಪ್ರತಿ ಕಂತಿನ ಮಾದರಿಯನ್ನು ಸಯನೈಡ್ ಪರೀಕ್ಷೆಗೆ ಲ್ಯಾಬಿಗೆ ಕಳಿಸಿ. ಕಹಿ ಹೋಯಿತೋ ಅಂತ ನಾಲಗೆಯಿಂದ ನೋಡಿ ತೀರ್ಮಾನಿಸಬೇಡಿ. ಕುದಿಸಿದ್ದನ್ನು ತಕ್ಷಣ ಮಂಜಿನ ನೀರಿನಲ್ಲಿ ತಣಿಸಿ, ಆರಿಸಿ. ಇದಕ್ಕೆ ಸಿಟ್ರಿಕ್ ನೀರು ತಣಿಸುವಾಗಲೇ ಸಾಕು.

ಒಂದು ಕೆಲಸ ಮಾತ್ರ ಬೇಡ: ಮೊದಲು ಪ್ಲಾಸ್ಮಾ ಕೊಟ್ಟು ಆಮೇಲೆ ನೆನೆಸಿಡುವುದು. ಸ್ನಾನ ಮಾಡಿ ಕೆಸರುಗದ್ದೆಗೆ ಇಳಿದ ಹಾಗೆ.

ಹಂತ 5: ಪ್ಯಾಕೆಟ್

ಪ್ಲಾಸ್ಮಾ ಹುಟ್ಟಲು ಒಳಗೆ ಗಾಳಿ ಬೇಕು, ಆದ್ದರಿಂದ ವ್ಯಾಕ್ಯೂಮ್ ಪ್ಯಾಕ್ ಆಗುವುದಿಲ್ಲ. ಬೆಳ್ಳಿ ಬಣ್ಣದ ಲೋಹಲೇಪಿತ ಕವರೂ ಆಗುವುದಿಲ್ಲ, ಅದು ಕರೆಂಟು ಎಳೆದು ಕಿಡಿ ಹಾರಿಸುತ್ತದೆ. ಸಾದಾ ಪಾಲಿಪ್ರೊಪಿಲೀನ್ ತಟ್ಟೆ, ಮೇಲೆ ಪಾರದರ್ಶಕ ಹಾಳೆ ಸಾಕು.

ಪ್ಯಾಕೆಟ್ ಚಪ್ಪಟೆ ಇರಲಿ. ಇದಕ್ಕೆ ಲೆಕ್ಕವಿದೆ. ಒಂದು ಮಿಲಿಮೀಟರ್ ಗಾಳಿಯನ್ನು ಸೀಳಲು ಸುಮಾರು 3 ಕಿಲೋವೋಲ್ಟ್ ಬೇಕು. ಒಂದು ಸೆಂಟಿಮೀಟರ್ ಗಾಳಿಗೆ 30 ಕಿಲೋವೋಲ್ಟ್ ಹತ್ತಿರ. ಡಬ್ಬ ಎತ್ತರವಾದಷ್ಟೂ ಯಂತ್ರ ದೊಡ್ಡದಾಗಬೇಕು, ಬೆಲೆಯೂ ಏರುತ್ತದೆ. 150 ಗ್ರಾಂ ಬಿಲ್ಲೆಯನ್ನು ಒಂದೇ ಪದರವಾಗಿ ಜೋಡಿಸಿ, ಮೇಲೆ ಸ್ವಲ್ಪವೇ ಖಾಲಿ ಬಿಟ್ಟು ಮುಚ್ಚಿ. ಒಂದರ ಮೇಲೊಂದು ಬಿದ್ದರೆ ನೆರಳು ಬಿದ್ದ ಭಾಗ ಹಾಗೇ ಉಳಿಯುತ್ತದೆ. ಪ್ಲಾಸ್ಮಾ ಮೇಲ್ಮೈಯ ಕೆಲಸಗಾರ, ಒಳಕ್ಕೆ ಇಳಿಯುವುದಿಲ್ಲ.

ಹಂತ 6: ಪ್ಲಾಸ್ಮಾ ಕೊಡುವುದು

ಎಷ್ಟು ನಿಮಿಷ? ಎಲ್ಲರೂ ಮೊದಲು ಕೇಳುವುದು ಇದನ್ನೇ. ಯಾರಾದರೂ ಒಂದೇ ಅಂಕೆ ಹೇಳಿದರೆ ನಂಬಬೇಡಿ. ವೋಲ್ಟೇಜ್, ತಟ್ಟೆಗಳ ಅಂತರ, ಪ್ಯಾಕೆಟ್ಟಿನ ತೇವ, ಒಳಗಿನ ಗಾಳಿ ಎಷ್ಟು ಅನ್ನುವುದರ ಮೇಲೆ ಅದು ಬದಲಾಗುತ್ತದೆ. ನಿಮ್ಮ ಯಂತ್ರದ ಅಂಕೆಯನ್ನು ನೀವೇ ಹುಡುಕಬೇಕು. ಹೀಗೆ ಮಾಡಿ.

ಯಂತ್ರದ ವೋಲ್ಟೇಜನ್ನು ಒಂದೇ ಕಡೆ ನಿಲ್ಲಿಸಿ. ಸಮಯ ಮಾತ್ರ ಬದಲಿಸಿ: 1 ನಿಮಿಷ, 2 ನಿಮಿಷ, 4 ನಿಮಿಷ. ಇವುಗಳ ಜೊತೆ ಎರಡು ಸಾಕ್ಷಿ ಗುಂಪು ಬೇಕು. ಒಂದು ಯಂತ್ರದ ಹತ್ತಿರವೇ ಹೋಗದ ಪ್ಯಾಕೆಟ್ಟುಗಳದ್ದು. ಇನ್ನೊಂದು ಯಂತ್ರದೊಳಗೆ 4 ನಿಮಿಷ ಕೂತು ಕರೆಂಟು ಮಾತ್ರ ಸಿಗದ ಪ್ಯಾಕೆಟ್ಟುಗಳದ್ದು. ಎರಡನೆಯದು ಯಾಕೆ? ಯಂತ್ರದ ಕೋಣೆ ತಂಪಾಗಿಲ್ಲದಿದ್ದರೆ ಅಷ್ಟು ಹೊತ್ತಿನ ಬಿಸಿಯೂ ಲೆಕ್ಕಕ್ಕೆ ಬರುತ್ತದೆ. ಅದಿಲ್ಲದೆ ಪ್ಲಾಸ್ಮಾವನ್ನು ಹೊಗಳಿದರೂ ತಪ್ಪು, ತೆಗಳಿದರೂ ತಪ್ಪು.

ಕೋಣೆಯ ದೀಪ ಆರಿಸಿ ನೋಡಿ. ಹೊಳಪು ಎಲ್ಲ ಕಡೆ ಸಮನಾಗಿ ಹರಡಿರಬೇಕು. ಒಂದೇ ಕಡೆ ದಪ್ಪ ಎಳೆಯಾಗಿ ನಿಂತರೆ ಪ್ಯಾಕೆಟ್ ಒದ್ದೆಯಾಗಿದೆ, ಇಲ್ಲವೇ ತಟ್ಟೆ ಸೊಟ್ಟಗಿದೆ. ಕೂಡಲೇ ನಿಲ್ಲಿಸಿ.

ಆದ ಮೇಲೆ ಪ್ಯಾಕೆಟ್ ತೆರೆಯಬೇಡಿ. ಹಾಗೇ 24 ಗಂಟೆ ತಂಪಿನಲ್ಲಿಡಿ. ಓಝೋನ್ ತನ್ನ ಕೆಲಸ ಮಾಡುವುದು, ತಾನೂ ಕರಗುವುದು ಈ ಹೊತ್ತಿನಲ್ಲೇ. ಮಾರನೆಯ ದಿನ ತೆರೆದಾಗ ಜೆರಾಕ್ಸ್ ಯಂತ್ರದ ಪಕ್ಕ ಬರುವಂಥ ಚುರುಕು ವಾಸನೆ ಇದ್ದರೆ ಸಮಯ ಜಾಸ್ತಿಯಾಗಿದೆ ಅಂತ ಅರ್ಥ.

ಕೆಲಸದ ಕೋಣೆಯಲ್ಲಿ ಓಝೋನ್ ಮೀಟರ್ ತೂಗುಹಾಕಿ. ಎಂಟು ಗಂಟೆಯ ಕೆಲಸಕ್ಕೆ ಹಲವು ದೇಶಗಳು ಇಟ್ಟ ಮಿತಿ ಗಾಳಿಯ ಹತ್ತು ಲಕ್ಷ ಭಾಗಕ್ಕೆ 0.1 ಭಾಗ. ಮೂಗಿಗೆ ಅದಕ್ಕಿಂತ ಕಡಿಮೆಯಲ್ಲೇ ತಿಳಿಯುತ್ತದೆ, ನಿಜ. ಆದರೆ ಸ್ವಲ್ಪ ಹೊತ್ತಿನಲ್ಲಿ ಮೂಗು ಒಗ್ಗಿಹೋಗಿ ಸುಮ್ನೆ ಕೂರುತ್ತದೆ.

ಜಾಸ್ತಿ ಕೊಟ್ಟರೆ ಜಾಸ್ತಿ ಒಳ್ಳೆಯದು ಅಂದುಕೊಂಡವರು ಕೈ ಸುಟ್ಟುಕೊಳ್ಳುತ್ತಾರೆ. ಬ್ಯಾಕ್ಟೀರಿಯಾ ಸುಡುವ ಅಣುಗಳೇ ಕಳಲೆಯ ಕೋಶವನ್ನೂ ಸುಡುತ್ತವೆ. ಬಿಲ್ಲೆಯ ಅಂಚು ಬಿಳುಚಿ ಎರಡು ದಿನದಲ್ಲಿ ಕಂದಾಗುತ್ತದೆ, ತಟ್ಟೆಯ ತಳದಲ್ಲಿ ನೀರು ಬಿಟ್ಟುಕೊಳ್ಳುತ್ತದೆ. ಹಸಿ ಬಿಲ್ಲೆಗಾದರೆ ಅದೂ ಒಂದು ಗಾಯ. ಗಾಯವಾದ ಕಳಲೆ ಏನು ಮಾಡುತ್ತದೆ ಅಂತ ಮೊದಲೇ ನೋಡಿದೆವಲ್ಲ.

ಹಂತ 7: ಇಡುವುದು

1ರಿಂದ 3 ಡಿಗ್ರಿ. ಇದು ಸಲಹೆ ಅಲ್ಲ, ಷರತ್ತು. 2006ರ ಮಾರ್ಚ್‌ನಲ್ಲಿ ಥಾಯ್ಲೆಂಡಿನ ನಾನ್ ಪ್ರಾಂತ್ಯದಲ್ಲಿ ಮನೆಯಲ್ಲಿ ಡಬ್ಬಿ ತುಂಬಿಸಿದ ಕಳಲೆ ತಿಂದು 209 ಜನ ಬಾಟ್ಯುಲಿಸಂಗೆ, ಅಂದರೆ ಒಂದು ಬ್ಯಾಕ್ಟೀರಿಯಾದ ವಿಷದಿಂದ ನರಗಳು ಸೋಲುವ ಕಾಯಿಲೆಗೆ, ತುತ್ತಾದರು. 42 ಜನರನ್ನು ಉಸಿರಾಟದ ಯಂತ್ರಕ್ಕೆ ಹಾಕಬೇಕಾಯಿತು. ಆ ಬ್ಯಾಕ್ಟೀರಿಯಾದ ಬೀಜಕಗಳು ಮಣ್ಣಿನಲ್ಲಿರುತ್ತವೆ, ಕುದಿಯುವ ನೀರಿಗೂ ಸಾಯುವುದಿಲ್ಲ. ಒಂದೆರಡು ನಿಮಿಷದ ಪ್ಲಾಸ್ಮಾವನ್ನೂ ಅವುಗಳ ವಿಷಯದಲ್ಲಿ ನಂಬುವಂತಿಲ್ಲ. ಹುಳಿಯಿಲ್ಲದ, ಗಾಳಿಯಾಡದ, ಬೆಚ್ಚಗಿನ ಜಾಗ ಸಿಕ್ಕರೆ ಬೆಳೆಯುತ್ತವೆ. ಕುದಿಸಿದ ಬಿಲ್ಲೆಯಲ್ಲಿ ಅವಕ್ಕೆ ಪೈಪೋಟಿ ಕೊಡುವ ಬೇರೆ ಬ್ಯಾಕ್ಟೀರಿಯಾಗಳೂ ಸತ್ತಿರುತ್ತವೆ. ಹಾಗಾಗಿ ನಾನು ಮೆಚ್ಚಿದ ಆ ಎರಡನೇ ದಾರಿಗೇ ಚಳಿ ಹೆಚ್ಚು ಬಿಗಿಯಾಗಿರಬೇಕು. ಪ್ಯಾಕೆಟ್ಟಿನ ಬಳಕೆಯ ಗಡುವೂ ಚಿಕ್ಕದಿರಲಿ. ಸಾಗಿಸುವ ಗಾಡಿ ನಡುವೆ ಕೆಟ್ಟು ನಿಂತರೆ ಆ ಸರಕು ಮಾರಾಟಕ್ಕಲ್ಲ.

ಹಸಿ ಬಿಲ್ಲೆಗೆ ಇನ್ನೊಂದು ತೊಡಕು. ಅದು ಪ್ಯಾಕೆಟ್ಟಿನ ಆಮ್ಲಜನಕ ತಿನ್ನುತ್ತ ಹೋಗುತ್ತದೆ. ಹಾಳೆ ದಪ್ಪವಿದ್ದರೆ ಉಸಿರುಕಟ್ಟಿ ಹೆಂಡದ ವಾಸನೆ ಬರುತ್ತದೆ. ಗಾಳಿಯಾಡುವ ತೆಳು ಪಾಲಿಥೀನ್ ಹಾಳೆ ಆರಿಸಿ. ಗ್ಯಾಸ್ ಅಳೆಯುವ ಸಾಧನದಲ್ಲಿ ಆಮ್ಲಜನಕ 3%ಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ.

ಹಂತ 8: ಅಳೆಯುವುದು

ಪ್ರತಿ ಗುಂಪಿನಿಂದ ಮೂರು ಪ್ಯಾಕೆಟ್. ದಿನ 1, 4, 7, 10, 14. ತೆರೆದ ಪ್ಯಾಕೆಟ್ ಮತ್ತೆ ಮುಚ್ಚಿ ಬಳಸಬೇಡಿ.

ತೂಕ ನೋಡಿ, ಎಷ್ಟು ನೀರು ಬಿಟ್ಟಿದೆ ತಿಳಿಯುತ್ತದೆ. ಬಣ್ಣಕ್ಕೆ ಕಲರಿಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದೇ ದೀಪದ ಕೆಳಗೆ, ಪಕ್ಕದಲ್ಲಿ ಬಿಳಿ ಕಾಗದ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನಾರಿಗೆ, ಬಿಲ್ಲೆ ಕತ್ತರಿಸಲು ಬೇಕಾಗುವ ಬಲ ಅಳೆಯುವ ಯಂತ್ರ ಕಾಲೇಜುಗಳಲ್ಲಿರುತ್ತದೆ. ಬ್ಯಾಕ್ಟೀರಿಯಾ ಎಣಿಕೆ ಲ್ಯಾಬಿನ ಕೆಲಸ.

ಆ ಎಣಿಕೆ ಕೈಗೆ ಬಂದಾಗ ಹಿಗ್ಗಬೇಡಿ, ಲೆಕ್ಕ ಹಾಕಿ. ಒಂದು ಗ್ರಾಮಿನಲ್ಲಿ 1,00,000 ಇದ್ದದ್ದು 10,000ಕ್ಕೆ ಇಳಿದರೆ 90% ಸತ್ತ ಹಾಗೆ. ಕೇಳಲು ದೊಡ್ಡದು. ಆದರೆ ನಿಮ್ಮ ಫ್ರಿಜ್ಜಿನಲ್ಲಿ ಆ ಬ್ಯಾಕ್ಟೀರಿಯಾ ಎರಡು ದಿನಕ್ಕೆ ಹತ್ತು ಪಟ್ಟಾಗುತ್ತದೆ ಅಂದುಕೊಳ್ಳಿ. ಆಗ 90% ಕೊಂದು ನೀವು ಗಳಿಸಿದ್ದು ಎರಡೇ ದಿನ. 99% ಕೊಂದರೆ ನಾಲ್ಕು ದಿನ. ಚಳಿ ಹೆಚ್ಚಿಸಿ ಆ ಎರಡು ದಿನವನ್ನು ನಾಲ್ಕು ಮಾಡಿದರೆ ಗಳಿಕೆ ತಾನಾಗಿ ಇಮ್ಮಡಿಯಾಗುತ್ತದೆ. ಯಂತ್ರದ ಬೆಲೆಗೂ ಕೋಲ್ಡ್ ರೂಮಿನ ಬೆಲೆಗೂ ಈ ಲೆಕ್ಕವನ್ನೇ ಹಾಕಿ ನೋಡಿ. ಕೋಲ್ಡ್ ರೂಮ್ ಸರಿಯಿಲ್ಲದವರು ಮೊದಲು ಅದಕ್ಕೆ ದುಡ್ಡು ಹಾಕಲಿ.

ಪ್ಲಾಸ್ಮಾ ನೀರು ಅನ್ನುವ ಸುಲಭದ ದಾರಿ

ಪ್ಯಾಕೆಟ್ ಯಂತ್ರ ದುಬಾರಿ ಅನ್ನಿಸಿದರೆ ಇದನ್ನು ನೋಡಬಹುದು. ತೆಳುವಾಗಿ ನಿಂತ ನೀರಿನ ಮೇಲೆ ಪ್ಲಾಸ್ಮಾ ಹಾಯಿಸಿದರೆ ನೀರು ಹುಳಿಯಾಗುತ್ತದೆ, ಪಿಎಚ್ 3ರ ಹತ್ತಿರಕ್ಕೂ ಇಳಿಯಬಹುದು. ಒಳಗೆ ಪೆರಾಕ್ಸೈಡ್, ನೈಟ್ರೈಟ್, ನೈಟ್ರೇಟ್ ಸೇರುತ್ತವೆ. ನಾಲ್ಕನೇ ಹಂತದ ತೊಳೆಯುವ ನೀರಿನ ಬದಲು ಇದರಲ್ಲಿ ಅದ್ದಬಹುದು. ಬಿಲ್ಲೆಯ ಎಲ್ಲ ಮೂಲೆಗೂ ತಾಗುತ್ತದೆ, ನೆರಳಿನ ಗೊಡವೆಯಿಲ್ಲ. ಮಾಡಿದ ಕೂಡಲೇ ಬಳಸಿ, ಇಟ್ಟಷ್ಟೂ ಶಕ್ತಿ ಇಳಿಯುತ್ತದೆ. ಕೊನೆಗೆ ಕುಡಿಯುವ ನೀರಿನಲ್ಲಿ ತೊಳೆದು, ಬಿಲ್ಲೆಯಲ್ಲಿ ನೈಟ್ರೈಟ್ ಎಷ್ಟು ಉಳಿದಿದೆ ಅಂತ ಪರೀಕ್ಷೆ ಮಾಡಿಸಿ.

ಚೀಟಿಯ ಮೇಲೆ ಬರೆಯಬೇಕಾದದ್ದು

ಹಸಿ ಬಿಲ್ಲೆಯ ಪ್ಯಾಕೆಟ್ಟಾದರೆ ದಪ್ಪಕ್ಷರದಲ್ಲಿ ಹೀಗಿರಲಿ: ಹಸಿಯಾಗಿ ತಿನ್ನಬೇಡಿ. ಮುಚ್ಚಳ ತೆರೆದು, ನೀರು ಬದಲಿಸಿ ಎರಡು ಸಲ ಕುದಿಸಿ, ಎರಡೂ ಸಲದ ನೀರು ಚೆಲ್ಲಿ. ಕುದಿಸಿದ ಬಿಲ್ಲೆಯ ಪ್ಯಾಕೆಟ್ಟಿನ ಮೇಲೂ ಚೆನ್ನಾಗಿ ಬೇಯಿಸಿ ತಿನ್ನಿ, 3 ಡಿಗ್ರಿಗಿಂತ ಕೆಳಗಿಡಿ ಅಂತ ಬರೆಯಿರಿ. ಕಡಿದ ದಿನ, ಪ್ಯಾಕ್ ಮಾಡಿದ ದಿನ ಎರಡೂ ಇರಲಿ. ಕನ್ನಡದಲ್ಲೂ ಇರಲಿ.

ಮೊದಲ ಪ್ರಯೋಗವನ್ನು ಜುಲೈ ನಡುವಿಗೆ ಇಟ್ಟುಕೊಳ್ಳಿ. ಆಗ ಮೆಳೆಯಲ್ಲಿ ಕಳಲೆ ಧಾರಾಳ, ಒಂದೇ ದಿನ ಒಂದೇ ಮೆಳೆಯಿಂದ ಎಲ್ಲ ಗುಂಪಿಗೂ ಸಾಲುವಷ್ಟು ಸಿಗುತ್ತದೆ. ಐದು ಗುಂಪು, ಐದು ದಿನ, ಮೂರು ಮೂರು ಪ್ಯಾಕೆಟ್ ಅಂದರೆ 75 ಪ್ಯಾಕೆಟ್, ಸುಮಾರು ಹನ್ನೊಂದೂಕಾಲು ಕಿಲೋ ಬಿಲ್ಲೆ. ಸಿಪ್ಪೆ, ಬುಡ ಕಳೆದು ಅಷ್ಟು ಬರಬೇಕಾದರೆ ಅದರ ಮೂರು ಪಟ್ಟಾದರೂ ಕಡಿಯಬೇಕು. ಸುಲಿಯಲು ಜನ ಮೊದಲೇ ಹೇಳಿಟ್ಟಿರಿ. ಕೈಗವಸು ಮರೆಯಬೇಡಿ, ಸಿಪ್ಪೆಯ ಮೇಲಿನ ಸುಂಕು ಚುಚ್ಚಿದರೆ ಎರಡು ದಿನ ತುರಿಕೆ.